ಬಾಟಲಿ ಬೀದಿಯ ನೆನಪು

ನಾವು ಮೆಲ್ಬರ್ನಿನಲ್ಲಿ ಸಂಸಾರ ಹೂಡಿದ ಕಾಲದಲ್ಲಿ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಬ್ರೆಡ್ಡಿನ ಅಂಗಡಿ, ಮಾಂಸದ ಅಂಗಡಿ, ಬಟ್ಟೆಯಂಗಡಿ, ದೊಡ್ಡ ಸೂಪರ್ ಮಾರ್ಕೆಟ್ಟು, ಎಲ್ಲವೂ. ಒಂದಕ್ಕೆ ಐದು ನಿಮಿಷ ಇರುವಾಗ ಒಳಗೆ ಕಾಲಿಟ್ಟರೆ ಅಂಗಡಿಯವನು ನಮ್ಮ ಮುಖ ನೋಡುತ್ತಿರಲಿಲ್ಲ, ಗೋಡೆಯ ಗಡಿಯಾರ ನೋಡುತ್ತಿದ್ದ. ಆಮೇಲೆ ಸೋಮವಾರ ಬೆಳಗಿನವರೆಗೆ ಚಪ್ಪಲಿ ಕಿತ್ತರೆ ಬರಿಗಾಲು, ಬೇಳೆ ಮುಗಿದರೆ ಮಜ್ಜಿಗೆ ಅನ್ನ. ತೀರ್ಥಹಳ್ಳಿಯಲ್ಲಿ ಊಟ ಮಾಡಿ, ಒಂದು ನಿದ್ದೆ ತೆಗೆದು, ಬಿಸಿಲು ತಗ್ಗಿದ ಮೇಲೆ ಪೇಟೆಗೆ ಹೊರಡುವುದನ್ನು ರೂಢಿ ಮಾಡಿಕೊಂಡು ಬೆಳೆದವರು ನಾವು. ಹೋದ ಹೊಸತರಲ್ಲಿ ಒಂದು ಶನಿವಾರ ಮೂರು ಗಂಟೆಗೆ ಚೀಲ ಹಿಡಿದು ಸಿಡ್ನಿ ರೋಡಿಗೆ ಬಂದು ನಿಂತರೆ ರಸ್ತೆಯ ಉದ್ದಕ್ಕೂ ಮುಚ್ಚಿದ ಬಾಗಿಲು, ಒಂದು ನಾಯಿ, ಒಂದು ಖಾಲಿ ಟ್ರಾಮು. ನನ್ನ ಹೆಂಡತಿ ಆ ಕಡೆ ಈ ಕಡೆ ನೋಡಿ, “ಎಂಥ ಊರು ಮಾರಾಯ್ರೆ ಇದು, ಸೂತಕದ ಮನೆ ಇದ್ದ ಹಾಗೆ ಇದೆಯಲ್ಲ!” ಎಂದಳು.

ಮೆಲ್ಬರ್ನಿನಲ್ಲಿ ಸಿಡ್ನಿ ರೋಡು ಎಲ್ಲಿಂದ ಬಂತು ಎಂದು ಕೇಳಬೇಡಿ. ಆ ರಸ್ತೆಯನ್ನು ಹಿಡಿದು ಉತ್ತರಕ್ಕೆ ಹೋಗುತ್ತಲೇ ಇದ್ದರೆ ಸಿಡ್ನಿ ಸಿಗುತ್ತದೆ, ಅಷ್ಟೆ. ಅದರ ಆಚೀಚೆ ವಾಸವಾಗಿದ್ದ ಯಾರೂ ಸಿಡ್ನಿಗೆ ಹೋಗುವ ಉತ್ಸಾಹ ತೋರಿಸಿದ್ದನ್ನು ನಾನು ನೋಡಲಿಲ್ಲ. ಎರಡೂ ಊರಿನವರಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ದೇಶಕ್ಕೆ ರಾಜಧಾನಿ ಯಾವುದಾಗಬೇಕೆಂದು ಜಗಳವಾಡಿ ಕಡೆಗೆ ನಡುವೆಲ್ಲೋ ಕ್ಯಾನ್‌ಬೆರಾ ಎಂಬ ಹೊಸ ಊರನ್ನೇ ಕಟ್ಟಿದ ಜನ.

ಶನಿವಾರ ಮಧ್ಯಾಹ್ನ ಮಾಯವಾದ ಜನ ಎಲ್ಲಿರುತ್ತಿದ್ದರೆಂದು ತಿಳಿಯಲು ನಮಗೆ ಹೆಚ್ಚು ದಿನ ಬೇಕಾಗಲಿಲ್ಲ. ಅರ್ಧ ಊರು ಫುಟ್‌ಬಾಲ್ ಮೈದಾನದಲ್ಲಿ, ಉಳಿದರ್ಧ ರೇಡಿಯೋ ಮುಂದೆ. ನಾವು ತಿಳಿದ ಫುಟ್‌ಬಾಲ್ ಅಲ್ಲ ಅದು. ಮೊಟ್ಟೆಯಾಕಾರದ ಚೆಂಡು, ಒಂದೊಂದು ಕಡೆಗೆ ಹದಿನೆಂಟು ಜನ, ಎರಡು ತುದಿಯಲ್ಲೂ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ನಡುವೆ ಒದ್ದರೆ ಆರು ಅಂಕ. ಕಂಬದ ಪಕ್ಕದಲ್ಲಿ ಹೋದರೂ ಒಂದು ಅಂಕ ಉಂಟು. ಗುರಿ ತಪ್ಪಿದವನನ್ನೂ ಬರಿಗೈಯಲ್ಲಿ ಕಳಿಸದ ಇಂಥ ಕರುಣಾಮಯಿ ಆಟವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಂಬದ ಬುಡದಲ್ಲಿ ಉದ್ದನೆಯ ಬಿಳಿ ಕೋಟು ತೊಟ್ಟ, ಟೊಪ್ಪಿ ಇಟ್ಟ ಅಂಪೈರ್ ಒಬ್ಬ ನಿಂತಿರುತ್ತಿದ್ದ. ಗೋಲಾದ ಕೂಡಲೇ ಎರಡು ಬೆರಳುಗಳನ್ನು ಮುಂದೆ ಚಾಚಿ, ಆಮೇಲೆ ಎರಡು ಬಿಳಿ ಬಾವುಟ ಬೀಸುತ್ತಿದ್ದ. ಆತನ ಗಾಂಭೀರ್ಯ ನೋಡಿದರೆ ಶಸ್ತ್ರಚಿಕಿತ್ಸೆ ಮುಗಿಸಿ ಈಗಷ್ಟೇ ಹೊರಬಂದ ಡಾಕ್ಟರೇ ಇರಬೇಕು ಅನ್ನಿಸುತ್ತಿತ್ತು.

ನಾವಿದ್ದದ್ದು ಬ್ರನ್ಸ್‌ವಿಕ್ಕಿನಲ್ಲಿ. ಬಾಡಿಗೆ ಮನೆ ಸಿಕ್ಕಿದ್ದು ಸುಲಭವಾಗಿ ಅಲ್ಲ. ಬಿಳಿಯರಿಗೆ ಮಾತ್ರ ಎಂಬ ವಲಸೆ ನೀತಿಯನ್ನು ಆ ದೇಶ ಪೂರ್ತಿ ಕೈಬಿಟ್ಟದ್ದು 1973ರಲ್ಲಿ. ನಾನು ಹೋದದ್ದು 1978ರಲ್ಲಿ. ಸರ್ಕಾರ ಬಿಟ್ಟದ್ದನ್ನು ಮನೆಯೊಡೆಯರು ಬಿಡಲು ಇನ್ನೊಂದಿಷ್ಟು ಸಮಯ ಬೇಕಲ್ಲ! ಫೋನಿನಲ್ಲಿ ಖಾಲಿ ಇದ್ದ ಮನೆ, ನಮ್ಮ ಮುಖ ಕಂಡ ಕೂಡಲೇ ಭರ್ತಿಯಾಗುತ್ತಿತ್ತು. ಕಡೆಗೆ ಮನೆ ಕೊಟ್ಟವನೂ ವಲಸೆ ಬಂದವನೇ, ಗ್ರೀಸಿನವನು. ಅಂಗೈ ಅಗಲದ ಮುಂಭಾಗ, ಹಿಂದೆ ಉದ್ದಕ್ಕೆ ಹೋಗುವ ಕೋಣೆಗಳು, ಹಿತ್ತಲ ತುದಿಯಲ್ಲಿ ಪಾಯಿಖಾನೆ, ಅದರಾಚೆ ಕಪ್ಪು ಕಲ್ಲು ಹಾಸಿದ ಓಣಿ. ಪಾಯಿಖಾನೆ ಮನೆಯಿಂದ ದೂರ ಇರುವುದು ನಮಗೇನೂ ಹೊಸತಲ್ಲ. ಜುಲೈ ತಿಂಗಳ ರಾತ್ರಿಯ ಚಳಿಯಲ್ಲಿ ಅಲ್ಲಿಯವರೆಗೆ ನಡೆಯುವುದು ಮಾತ್ರ ಹೊಸತು.

ಎಡಗಡೆ ಮನೆಯಲ್ಲಿ ಸಿಸಿಲಿಯಿಂದ ಬಂದ ಒಬ್ಬ ಅಜ್ಜಿ. ಬಲಗಡೆ ಮನೆಯಲ್ಲಿ ಬ್ರನ್ಸ್‌ವಿಕ್ಕಿನ ಇಟ್ಟಿಗೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಒಬ್ಬ ಆಸ್ಟ್ರೇಲಿಯನ್ ಅಜ್ಜ. ನಾವು ಮನೆಯೊಳಗೆ ಅವರನ್ನು ಇಟಲಿಯಜ್ಜಿ, ಇಟ್ಟಿಗೆಯಜ್ಜ ಎಂದೇ ಕರೆಯುತ್ತಿದ್ದೆವು. ಇಟಲಿಯಜ್ಜಿಗೆ ಇಂಗ್ಲಿಷ್ ಬಾರದು, ನನ್ನ ಹೆಂಡತಿಗೆ ಇಟಾಲಿಯನ್ ಬಾರದು. ಆದ್ದರಿಂದ ಇಬ್ಬರಿಗೂ ಯಾವ ತೊಂದರೆಯೂ ಆಗಲಿಲ್ಲ. ಬೇಲಿಯ ಮೇಲೆ ಮೊಣಕೈ ಊರಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅಜ್ಜಿ ಅವಳ ಭಾಷೆಯಲ್ಲಿ, ಇವಳು ಕನ್ನಡದಲ್ಲಿ. ಏನು ಮಾತಾಡಿದಿರಿ ಎಂದು ಸಂಜೆ ಕೇಳಿದರೆ ಅಜ್ಜಿಯ ಸೊಸೆಯ ಆಲಸ್ಯದಿಂದ ಹಿಡಿದು ಮೊಮ್ಮಗನ ಕೆಮ್ಮಿನವರೆಗೆ ಪೂರ್ತಿ ವರದಿ ಬರುತ್ತಿತ್ತು. ನಾನು ಇಂಗ್ಲಿಷ್ ಬಲ್ಲವನು, ನನಗೆ ಈ ಯಾವ ಸುದ್ದಿಯೂ ಗೊತ್ತಿರುತ್ತಿರಲಿಲ್ಲ.

ನಮ್ಮ ಬೀದಿಗೆ ಹಾಲು ಬರುತ್ತಿದ್ದದ್ದು ಕುದುರೆ ಗಾಡಿಯಲ್ಲಿ. ನೆಲದಡಿಯಲ್ಲಿ ರೈಲು ಓಡಿಸಲು ಸುರಂಗ ಕೊರೆಯುತ್ತಿದ್ದ ನಗರದಲ್ಲಿ, ಬೆಳಗಿನ ಜಾವ ಟಾರು ರಸ್ತೆಯ ಮೇಲೆ ಗೊರಸಿನ ಸದ್ದು. ರಾತ್ರಿ ಮಲಗುವ ಮುಂಚೆ ಖಾಲಿ ಬಾಟಲಿಗಳನ್ನು ತೊಳೆದು, ಅದರಲ್ಲೊಂದರೊಳಗೆ ಚಿಲ್ಲರೆ ಹಾಕಿ ಬಾಗಿಲ ಹೊರಗಿಟ್ಟರೆ ಬೆಳಿಗ್ಗೆ ಅದೇ ಜಾಗದಲ್ಲಿ ತುಂಬಿದ ಬಾಟಲಿ, ಬಾಯಿಗೆ ಬೆಳ್ಳಿ ಬಣ್ಣದ ತೆಳ್ಳನೆಯ ಮುಚ್ಚಳ. ದುಡ್ಡನ್ನು ಬೀದಿಗಿಟ್ಟು ಒಳಗೆ ನಿದ್ದೆ ಮಾಡುವುದು ನನ್ನಿಂದ ಮೊದಲು ಆಗುತ್ತಲೇ ಇರಲಿಲ್ಲ. ಒಂದೆರಡು ಸಲ ಎದ್ದು ಕಿಟಕಿಯಲ್ಲಿ ಇಣುಕಿದ್ದುಂಟು. ಹಾಲಿನವನು ಬಾಟಲಿ ಎತ್ತಿಕೊಂಡು ಮನೆಯಿಂದ ಮನೆಗೆ ಓಡುತ್ತಿದ್ದ. ಕುದುರೆ ತನ್ನಷ್ಟಕ್ಕೆ ತಾನು ಮುಂದೆ ನಡೆದು, ಹಾಲು ಬೇಕಾದ ಮನೆಗಳ ಮುಂದೆ ಮಾತ್ರ ನಿಲ್ಲುತ್ತಿತ್ತು. ಯಾರ ಮನೆಯಲ್ಲಿ ಹಾಲು ನಿಲ್ಲಿಸಿದ್ದಾರೆ ಎಂಬುದು ಕೂಡ ಅದಕ್ಕೆ ಗೊತ್ತು. ಲಗಾಮು ಹಿಡಿಯುವವರಿಲ್ಲ, ಹೇಳುವವರಿಲ್ಲ. ನನ್ನ ಕಚೇರಿಯಲ್ಲಿ ಅಷ್ಟು ಜವಾಬ್ದಾರಿಯಿಂದ ಕೆಲಸ ಮಾಡುತ್ತಿದ್ದವರು ಇಬ್ಬರೋ ಮೂವರೋ.

ಕುದುರೆ ಅಂದಮೇಲೆ ಲದ್ದಿಯೂ ಇರಬೇಕಲ್ಲ. ಗೊರಸಿನ ಸದ್ದು ತಿರುವು ದಾಟಿದ ಕೂಡಲೇ ನಮ್ಮ ಮನೆಯ ಎಡಬಲ ಎರಡೂ ಬಾಗಿಲುಗಳು ಒಟ್ಟಿಗೆ ತೆರೆದುಕೊಳ್ಳುತ್ತಿದ್ದವು. ಎಡಗಡೆಯಿಂದ ಕಪ್ಪು ಸೀರೆಯೋ ಎಂಬಷ್ಟು ಉದ್ದ ಲಂಗದ ಇಟಲಿಯಜ್ಜಿ, ಬಲಗಡೆಯಿಂದ ರಾತ್ರಿಯುಡುಗೆಯ ಇಟ್ಟಿಗೆಯಜ್ಜ. ಇಬ್ಬರ ಕೈಯಲ್ಲೂ ಸಲಿಕೆ. ಅಜ್ಜಿಗೆ ಟೊಮೇಟೊ ಗಿಡಕ್ಕೆ ಬೇಕು, ಅಜ್ಜನಿಗೆ ಗುಲಾಬಿಗೆ. ಓಡುವ ವಯಸ್ಸು ಇಬ್ಬರಿಗೂ ಅಲ್ಲ, ಓಡುತ್ತಿದ್ದೇನೆಂದು ತೋರಿಸಿಕೊಳ್ಳುವುದಕ್ಕೂ ಮನಸ್ಸಿಲ್ಲ. ಹೀಗೆ ಅತಿ ವೇಗದ ಒಂದು ನಡಿಗೆಯನ್ನು ಇಬ್ಬರೂ ಸಾಧಿಸಿದ್ದರು. ಮೊದಲು ತಲುಪಿದವರು “ಗುಡ್ ಮಾರ್ನಿಂಗ್” ಹೇಳಬೇಕು, ಸೋತವರು ಆಕಾಶ ನೋಡಿ ಹವಾಮಾನದ ಬಗ್ಗೆ ಏನಾದರೊಂದು ಅನ್ನಬೇಕು. ಹೆಚ್ಚಾಗಿ ಗೆಲ್ಲುತ್ತಿದ್ದದ್ದು ಅಜ್ಜಿಯೇ. ಅಜ್ಜ ಬೇಕೆಂದೇ ಒಂದು ಹೆಜ್ಜೆ ಹಿಂದೆ ಉಳಿಯುತ್ತಿದ್ದನೇ ಎಂಬ ಅನುಮಾನ ನನಗಿಂದಿಗೂ ಇದೆ.

ಫೆಬ್ರವರಿ ಕೊನೆಗೆ ಟೊಮೇಟೊ ಕೆಂಪಾಗಿ ರಾಶಿ ಬಿದ್ದಾಗ ಅಜ್ಜಿಯ ಹಿತ್ತಲಿನಲ್ಲಿ ಸಾಸ್ ಕಾಯಿಸುವ ಹಬ್ಬ. ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ದೂರದ ನೆಂಟರು ಎಲ್ಲ ಬಂದು ಸೇರುತ್ತಿದ್ದರು. ಕುದಿಸುವವರು, ಅರೆಯುವವರು, ಬೀಜ ಸೋಸುವವರು, ಸುಮ್ಮನೆ ಕೂತು ಆಜ್ಞೆ ಮಾಡುವವರು. ನಮ್ಮ ಕಡೆ ಹಪ್ಪಳ ಸಂಡಿಗೆ ಇಡುವ ದಿನದ ಸಿಬ್ಬಂದಿಯೇ ಅಲ್ಲೂ ಇತ್ತು. ತಿಳಿಯಾದ ರಸವನ್ನು ಬಾಟಲಿಗೆ ತುಂಬಿ, ಮುಚ್ಚಳ ಒತ್ತಿ, ದೊಡ್ಡ ತಗಡಿನ ಡ್ರಮ್ಮಿನ ನೀರಿನಲ್ಲಿ ಬಾಟಲಿ ಸಮೇತ ಬೇಯಿಸಬೇಕು. ಒಂದು ವರ್ಷದ ಅಡುಗೆಗೆ ಸಾಕಾಗುವಷ್ಟು ಬಾಟಲಿ ಎಲ್ಲಿಂದ ಬರಬೇಕು? ಅವು ದೊಡ್ಡ ಬಿಯರ್ ಬಾಟಲಿಗಳು. ಅಜ್ಜಿಯ ಮನೆಯವರು ಕುಡಿಯುತ್ತಿದ್ದದ್ದು ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನು. ನಮ್ಮ ಮನೆಯಲ್ಲಿ ಕಷಾಯ. ಹಾಗಾಗಿ ಬೀದಿಯ ಜವಾಬ್ದಾರಿಯೆಲ್ಲ ಇಟ್ಟಿಗೆಯಜ್ಜನ ತಲೆಯ ಮೇಲೆ ಬಿದ್ದಿತ್ತು, ಅವನು ಅದನ್ನು ತುಂಬ ನಿಷ್ಠೆಯಿಂದ ಹೊತ್ತಿದ್ದ. ವರ್ಷವಿಡೀ ಅಜ್ಜ ಖಾಲಿ ಮಾಡಿದ್ದನ್ನು ಫೆಬ್ರವರಿಯಲ್ಲಿ ಅಜ್ಜಿ ತುಂಬುತ್ತಿದ್ದಳು. ಪ್ರತಿಯಾಗಿ ಅಜ್ಜನಿಗೆ ಹನ್ನೆರಡು ಬಾಟಲಿ ಸಾಸ್. ಅದನ್ನು ಏನು ಮಾಡುತ್ತಿದ್ದನೋ ದೇವರೇ ಬಲ್ಲ, ಅವನಿಗೆ ಮೊಟ್ಟೆ ಹುರಿಯುವುದು ಬಿಟ್ಟರೆ ಬೇರೆ ಅಡುಗೆ ಬರುತ್ತಿರಲಿಲ್ಲ. ನಮಗೂ ನಾಲ್ಕು ಬಾಟಲಿ ಬರುತ್ತಿತ್ತು. ನನ್ನ ಹೆಂಡತಿ ಅದಕ್ಕೆ ಬೇಳೆಕಟ್ಟು ಸೇರಿಸಿ, ಇಂಗಿನ ಒಗ್ಗರಣೆ ಕೊಟ್ಟು ಸಾರು ಮಾಡಿ ಒಂದು ಪಾತ್ರೆ ಅಜ್ಜಿಗೆ ಕೊಟ್ಟಳು. ಅಜ್ಜಿ ಮೂಸಿ ನೋಡಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಆಮೇಲೆ ಕುಡಿದಳು. ಪಾತ್ರೆ ತೊಳೆದು ವಾಪಸು ಬಂತು, ಒಳಗೆ ನಾಲ್ಕು ಅಂಜೂರದ ಹಣ್ಣು.

ಕಚೇರಿಗೆ ನಾನು ಹೋಗುತ್ತಿದ್ದದ್ದು 19ನೇ ನಂಬರಿನ ಟ್ರಾಮಿನಲ್ಲಿ. ಹಸಿರು ಮತ್ತು ಕೆನೆ ಬಣ್ಣದ ಮರದ ಗಾಡಿ, ತಲೆಯ ಮೇಲೆ ಉದ್ದಕ್ಕೆ ಹಗ್ಗ, ಎಳೆದರೆ ಗಂಟೆ. ಚರ್ಮದ ಚೀಲ ಹೆಗಲಿಗೆ ಹಾಕಿದ ಕಂಡಕ್ಟರುಗಳು ಕಾಸು ತೆಗೆದುಕೊಂಡು ಟಿಕೆಟ್ ಹರಿದು ಕೊಡುವುದರ ಜೊತೆಗೆ ಇನ್ನೂ ಏನೇನೋ ಕೆಲಸ ಮಾಡುತ್ತಿದ್ದರು. ಮುದುಕಿಯರ ಚೀಲ ಇಳಿಸುವುದು, ಯಾವ ಆಸ್ಪತ್ರೆಗೆ ಎಲ್ಲಿ ಇಳಿಯಬೇಕೆಂದು ಹೇಳುವುದು, ಹುಡುಗರ ಕಿವಿ ಹಿಂಡುವಷ್ಟು ಗದರುವುದು. ಸಂಜೆ ನಾನು ಕೂತಲ್ಲೇ ತೂಕಡಿಸುತ್ತಿದ್ದೆ. ಒಬ್ಬ ದಪ್ಪ ಮೀಸೆಯ ಕಂಡಕ್ಟರು ನನ್ನ ನಿಲ್ದಾಣ ಬರುವ ಹೊತ್ತಿಗೆ ಸರಿಯಾಗಿ ಹತ್ತಿರ ಬಂದು, ಚೀಲದ ಚಿಲ್ಲರೆಯನ್ನು ಒಮ್ಮೆ ಝಣ್ಣೆಂದು ಕುಲುಕಿಸುತ್ತಿದ್ದ. ನಾನೆದ್ದು ಇಳಿಯುತ್ತಿದ್ದೆ. ವರ್ಷಗಟ್ಟಲೆ ನಡೆದ ಈ ವ್ಯವಹಾರದಲ್ಲಿ ಇಬ್ಬರೂ ಹೆಸರು ಕೇಳಿಕೊಳ್ಳಲಿಲ್ಲ. 1990ರ ಜನವರಿಯಲ್ಲಿ ಕಂಡಕ್ಟರುಗಳನ್ನು ತೆಗೆದು, ಪ್ರಯಾಣಿಕರೇ ಉಜ್ಜಿ ಬಳಸುವ ಟಿಕೆಟ್ ತರುತ್ತೇವೆಂದು ಸರ್ಕಾರ ಹೊರಟಾಗ ಟ್ರಾಮಿನವರು ಗಾಡಿಗಳನ್ನೆಲ್ಲ ತಂದು ನಡುಪೇಟೆಯ ಬೀದಿಗಳಲ್ಲಿ ಸಾಲಾಗಿ ನಿಲ್ಲಿಸಿಬಿಟ್ಟರು. ಸುಮಾರು ಒಂದು ತಿಂಗಳು ಅವು ಅಲ್ಲೇ ನಿಂತಿದ್ದವು. ಆಗ ಉಳಿದುಕೊಂಡ ಕಂಡಕ್ಟರುಗಳು ಕಡೆಗೂ 1998ರಲ್ಲಿ ಹೋದರು. ಅವರ ಜಾಗಕ್ಕೆ ಯಂತ್ರ ಬಂತು. ಯಂತ್ರ ಚೆನ್ನಾಗಿಯೇ ಟಿಕೆಟ್ ಕೊಡುತ್ತಿತ್ತೆಂದು ಇಟ್ಟುಕೊಳ್ಳೋಣ. ನಾನು ಮಾತ್ರ ಆಮೇಲೆ ಟ್ರಾಮಿನಲ್ಲಿ ನಿದ್ದೆ ಮಾಡುವುದನ್ನು ಬಿಟ್ಟೆ.

ಟ್ರಾಮು ಕೊನೆಗೆ ನಿಲ್ಲುತ್ತಿದ್ದದ್ದು ಫ್ಲಿಂಡರ್ಸ್ ಸ್ಟ್ರೀಟ್ ರೈಲು ನಿಲ್ದಾಣದ ಹತ್ತಿರ. ಆ ನಿಲ್ದಾಣದ ಹೆಬ್ಬಾಗಿಲ ಮೇಲೆ ಸಾಲಾಗಿ ಗಡಿಯಾರಗಳು. ಯಾವ ಮಾರ್ಗದ ಮುಂದಿನ ರೈಲು ಎಷ್ಟು ಹೊತ್ತಿಗೆ ಎಂದು ತೋರಿಸುವುದಕ್ಕೆ. ಒಬ್ಬ ಮನುಷ್ಯ ಉದ್ದನೆಯ ಕೋಲು ಹಿಡಿದು ದಿನವಿಡೀ ಅವುಗಳ ಮುಳ್ಳುಗಳನ್ನು ತಿರುಗಿಸುತ್ತಿದ್ದ. “ಗಡಿಯಾರದ ಕೆಳಗೆ ಸಿಗೋಣ” ಎಂದರೆ ಊರಿನವರಿಗೆಲ್ಲ ಅರ್ಥವಾಗುತ್ತಿತ್ತು. ಪ್ರೇಮಿಗಳು, ಸಾಲ ಕೊಟ್ಟವರು, ಹಳ್ಳಿಯಿಂದ ಬಂದ ಚಿಕ್ಕಮ್ಮಂದಿರು ಎಲ್ಲರೂ ಅಲ್ಲಿ ಕಾಯುತ್ತಾ ನಿಂತಿರುತ್ತಿದ್ದರು. ತಲೆಯ ಮೇಲೆ ಅಷ್ಟು ಗಡಿಯಾರ ಇಟ್ಟುಕೊಂಡು ಅಷ್ಟು ಜನ ತಡವಾಗಿ ಬರುವ ಜಾಗ ಬೇರೆ ಇರಲಾರದು. 1983ರಲ್ಲಿ ಅವನ್ನು ಕಿತ್ತು ಅಂಕಿ ಮಿನುಗುವ ಹೊಸ ಫಲಕ ಹಾಕಬೇಕೆಂದು ಯಾರೋ ತೀರ್ಮಾನಿಸಿದರು. ಯಾವುದಕ್ಕೂ ಹೆಚ್ಚು ಗದ್ದಲ ಮಾಡದ ಊರು ಅವತ್ತು ಮಾಡಿದ ರಂಪ ನೋಡಬೇಕಿತ್ತು. ಗಡಿಯಾರಗಳು ಉಳಿದವು. ಕೋಲಿನವನ ಕೆಲಸ ಕಂಪ್ಯೂಟರಿಗೆ ಹೋಯಿತು. ಅವನ ಪರವಾಗಿ ಯಾರೂ ರಂಪ ಮಾಡಿದ ಹಾಗೆ ನೆನಪಿಲ್ಲ.

ಕಚೇರಿಯಲ್ಲಿ ದಿನಕ್ಕೆ ಎರಡು ಸಲ, ಹತ್ತಕ್ಕೂ ಮೂರಕ್ಕೂ, ತಳ್ಳುಗಾಡಿಯಲ್ಲಿ ಚಹಾ ತರುವ ಒಬ್ಬ ಹೆಂಗಸಿದ್ದಳು. ಮಹಡಿಯಲ್ಲಿದ್ದ ಎಲ್ಲರ ಸಕ್ಕರೆಯ ಲೆಕ್ಕವೂ ಅವಳ ನಾಲಗೆಯ ತುದಿಯಲ್ಲಿ. ಮೇಲಧಿಕಾರಿಗೂ ಒಂದು ಬಿಸ್ಕತ್ತು, ಗುಮಾಸ್ತನಿಗೂ ಒಂದೇ. ಆ ಒಂದು ಬಿಸ್ಕತ್ತಿನ ನಿಯಮ ಮುರಿದದ್ದನ್ನು ನಾನು ನೋಡಿದ್ದು ಒಂದೇ ಸಲ, 1981ರ ಫೆಬ್ರವರಿಯಲ್ಲಿ.

ಆ ತಿಂಗಳ ಒಂದನೇ ತಾರೀಕು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ, ಕೊನೆಯ ಎಸೆತಕ್ಕೆ ಸಮ ಮಾಡಲು ನ್ಯೂಜಿಲೆಂಡಿಗೆ ಆರು ರನ್ ಬೇಕಾಗಿದ್ದಾಗ, ಆಸ್ಟ್ರೇಲಿಯಾದ ನಾಯಕ ಗ್ರೆಗ್ ಚಾಪೆಲ್ ತನ್ನ ತಮ್ಮ ಟ್ರೆವರನಿಂದ ಚೆಂಡನ್ನು ನೆಲದ ಮೇಲೆ ಉರುಳಿಸಿಬಿಟ್ಟಿದ್ದ. ಮರುದಿನ ಕಚೇರಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ಆ ವಾರ ಎಲ್ಲರೂ ಎಲ್ಲರೊಂದಿಗೂ ವಿಪರೀತ ಸೌಜನ್ಯದಿಂದ ನಡೆದುಕೊಂಡರು, ನನ್ನ ಸಂಬಳದ ಚೀಟಿಯಲ್ಲಿ ತಿಂಗಳುಗಳಿಂದ ಇದ್ದ ತಪ್ಪು ಕೂಡ ಸರಿಯಾಯಿತು. ಅದಾಗಿ ಆರು ದಿನಕ್ಕೆ ಅದೇ ಮೈದಾನದಲ್ಲಿ ಭಾರತದ ಟೆಸ್ಟ್. ಶನಿವಾರ ನಾವಿಬ್ಬರೂ ಚಿತ್ರಾನ್ನ ಕಟ್ಟಿಕೊಂಡು ಹೋದೆವು. ಅಷ್ಟು ದೊಡ್ಡ ಮೈದಾನದಲ್ಲಿ ನಮ್ಮ ಭದ್ರಾವತಿಯ ವಿಶ್ವನಾಥ್ ಇನ್ನೂ ಸಣ್ಣಗೆ ಕಾಣುತ್ತಿದ್ದ. ತಂಡದ 237ರಲ್ಲಿ ಆತನೊಬ್ಬನದೇ 114. ಅವನು ಕಟ್ ಮಾಡಿದಾಗಲೆಲ್ಲ ನನ್ನ ಹೆಂಡತಿ ಅಕ್ಕಪಕ್ಕದವರಿಗೆ, “ನಮ್ಮ ಜಿಲ್ಲೆಯವನು, ನಮ್ಮ ಜಿಲ್ಲೆಯವನು” ಎಂದು ಕನ್ನಡದಲ್ಲೇ ಹೇಳುತ್ತಿದ್ದಳು. ಬಿಯರ್ ಕುಡಿಯುತ್ತಿದ್ದ ಆ ಕೆಂಪು ಮುಖದವರು ತಲೆಯಾಡಿಸಿ ಒಪ್ಪಿಕೊಂಡರು. ಬುಧವಾರ, ಕೊನೆಯ ದಿನ, ಗೆಲ್ಲಲು 143 ಬೇಕಿದ್ದ ಆಸ್ಟ್ರೇಲಿಯಾ 83ಕ್ಕೆ ಬಿತ್ತು. ತೊಡೆಯ ನೋವಿನಲ್ಲೇ ಕಪಿಲ್ ದೇವ್ 28 ರನ್ನಿಗೆ ಐದು ವಿಕೆಟ್ ತೆಗೆದಿದ್ದ. ಮೂರು ಗಂಟೆಯ ಚಹಾ ಬಂದಾಗ ನನ್ನ ತಟ್ಟೆಯಲ್ಲಿ ಎರಡು ಬಿಸ್ಕತ್ತು. ಅಭಿನಂದನೆಯೋ, ಇಷ್ಟು ಜನ ಸೋತವರ ನಡುವೆ ಒಬ್ಬನೇ ಸಿಕ್ಕಿಬಿದ್ದಿದ್ದಾನೆಂಬ ಕನಿಕರವೋ ತಿಳಿಯಲಿಲ್ಲ. ಅವಳು ಏನೂ ಹೇಳದೆ ಗಾಡಿ ತಳ್ಳಿಕೊಂಡು ಮುಂದೆ ಹೋದಳು.

ಇಟ್ಟಿಗೆಯಜ್ಜನಿಗೆ ಕ್ರಿಕೆಟ್ಟಿನ ಸೋಲು ಲೆಕ್ಕಕ್ಕಿರಲಿಲ್ಲ. ಅವನಿಗೆ ಅದಕ್ಕಿಂತ ದೊಡ್ಡ ದುಃಖವಿತ್ತು. ಫುಟ್‌ಬಾಲಿನ ಕಾರ್ಲ್ಟನ್ ತಂಡದವರೇ ತುಂಬಿದ್ದ ಬೀದಿಯಲ್ಲಿ ಅವನೊಬ್ಬ ಕಾಲಿಂಗ್‌ವುಡ್ಡಿನ ಭಕ್ತ. ಕಪ್ಪು ಬಿಳುಪಿನ ಪಟ್ಟೆಯ ಆ ತಂಡ 1958ರಲ್ಲಿ ಕಪ್ ಗೆದ್ದಿತ್ತು. ಆಮೇಲೆ ಫೈನಲ್ ತಲುಪುವುದು, ಸೋಲುವುದು, ಇದನ್ನೇ ವ್ರತ ಮಾಡಿಕೊಂಡಿತ್ತು. ನಾನು ಹೋಗುವ ಹಿಂದಿನ ವರ್ಷ ಫೈನಲ್ ಸಮಸಮವಾಗಿ ಮುಗಿದು, ಮರುವಾರ ಮತ್ತೆ ಆಡಿಸಿದಾಗ ಸೋತಿತ್ತಂತೆ. ನಮ್ಮ ಕಣ್ಣೆದುರಿಗೇ 1979ರಲ್ಲಿ ಐದು ಅಂಕದಿಂದ ಸೋತಿತು. 1980ರಲ್ಲಿ 81 ಅಂಕದಿಂದ. 1981ರಲ್ಲಿ ಮತ್ತೆ. ಪ್ರತಿ ಸೆಪ್ಟೆಂಬರಿನಲ್ಲೂ ಅಜ್ಜ ಪೆಟ್ಟಿಗೆಯಿಂದ ಪಟ್ಟೆಯ ಮಫ್ಲರ್ ತೆಗೆದು ಬಿಸಿಲಿಗೆ ಹಾಕುತ್ತಿದ್ದ. ಆ ತಿಂಗಳಲ್ಲಿ ಅಲ್ಲಿನ ಮ್ಯಾಗ್‌ಪೈ ಹಕ್ಕಿಗಳು ಮರಿ ಮಾಡಿ, ದಾರಿಹೋಕರ ತಲೆಗೆ ಕುಕ್ಕಲು ಎರಗುತ್ತವೆ. ಸೈಕಲ್ಲಿನ ಪೋಸ್ಟ್‌ಮ್ಯಾನ್ ನಮ್ಮ ಬೀದಿಯಲ್ಲಿ ಜೀವ ಕೈಯಲ್ಲಿ ಹಿಡಿದು ಓಡಬೇಕಿತ್ತು. ಮ್ಯಾಗ್‌ಪೈ ಕಾಲಿಂಗ್‌ವುಡ್ ತಂಡದ ಲಾಂಛನ. ಹಕ್ಕಿಗಳಿಗಿರುವ ಕೆಚ್ಚು ತಂಡಕ್ಕಿಲ್ಲವಲ್ಲ ಎಂದು ಅಜ್ಜ ಕೊರಗುತ್ತಿದ್ದ. ಫೈನಲ್ಲಿನ ಮರುದಿನ ಭಾನುವಾರ ಬೀದಿಯ ಎಲ್ಲ ಮನೆಗಳಿಂದಲೂ ಹುಲ್ಲು ಕತ್ತರಿಸುವ ಯಂತ್ರದ ಸದ್ದು ಏಳುತ್ತಿತ್ತು, ಅಜ್ಜನ ಮನೆಯಿಂದ ಏಳುತ್ತಿರಲಿಲ್ಲ. ನನ್ನ ಹೆಂಡತಿ ಕಿವಿಗೊಟ್ಟು ಕೇಳಿ, ಹೆಸರುಬೇಳೆ ಪಾಯಸ ಮಾಡಿ ಕಳಿಸುತ್ತಿದ್ದಳು. ಅಜ್ಜ ಅದನ್ನು ಸಾರು ಎಂದುಕೊಂಡು ಮೆಣಸಿನ ಪುಡಿ ಉದುರಿಸಿಕೊಂಡು ತಿನ್ನುತ್ತಿದ್ದ. ನಾವು ತಿದ್ದಲಿಲ್ಲ.

1983ರ ಫೆಬ್ರವರಿ 8ರ ಮಧ್ಯಾಹ್ನ ಮೂರು ಮನೆಯವರೂ ಒಟ್ಟಿಗೆ ಬೀದಿಗೆ ಬಂದು ನಿಂತದ್ದು ನೆನಪಿದೆ. ಭಾರಿ ಬರಗಾಲದ ವರ್ಷ. ಸೆಕೆಗೆ ಕಚೇರಿ ಬೇಗ ಬಿಟ್ಟಿದ್ದರು. ಪಶ್ಚಿಮದ ಒಣಗಿದ ಹೊಲಗಳ ಮೇಲ್ಮಣ್ಣೆಲ್ಲ ಗಾಳಿಗೆ ಎದ್ದು ಗೋಡೆಯಾಗಿ ಬಂದು ಊರಿನ ಮೇಲೆ ಬಿತ್ತು. ಹಗಲು ಮೂರು ಗಂಟೆಗೆ ಕತ್ತಲೆ, ಆ ಕತ್ತಲೆಯೂ ಕೆಂಪು. ಇಟಲಿಯಜ್ಜಿ ಜಪಸರ ಹಿಡಿದಳು, ನನ್ನ ಹೆಂಡತಿ ದೇವರಿಗೆ ದೀಪ ಹಚ್ಚಿದಳು, ಇಟ್ಟಿಗೆಯಜ್ಜ ಒಂದು ಬಾಟಲಿ ತೆರೆದ. ಧೂಳು ಇಳಿದ ಮೇಲೆ ನೋಡಿದರೆ ಹಿತ್ತಲಿನ ತಂತಿಯ ಮೇಲೆ ಒಣಗುತ್ತಿದ್ದ ನಮ್ಮ ಬಟ್ಟೆಗಳೆಲ್ಲ ಜಂಬಿಟ್ಟಿಗೆಯ ಬಣ್ಣ. ಮುಂಗಾರಿನ ಮುಂಚೆ ನಮ್ಮೂರ ದಾರಿಯಲ್ಲಿ ಬಸ್ಸು ಹೋದರೆ ಪಂಚೆಗೆ ಹತ್ತುವ ಬಣ್ಣ. ಇವಳು ನನ್ನ ಅಂಗಿಯನ್ನು ಎರಡು ದಿನ ತೊಳೆಯದೆ ಇಟ್ಟಿದ್ದಳು. ಅದಾಗಿ ಎಂಟು ದಿನಕ್ಕೆ ಬೂದಿ ಬುಧವಾರದ ಕಾಳ್ಗಿಚ್ಚು ಬಂತು. ವಿಕ್ಟೋರಿಯಾ, ದಕ್ಷಿಣ ಆಸ್ಟ್ರೇಲಿಯಾ ಎರಡೂ ಕಡೆ ಸೇರಿ 75 ಜನ ಸತ್ತರು. ಆ ವರ್ಷ ಸಾಸ್ ಕಾಯಿಸುವಾಗ ಅಜ್ಜಿಯ ಹಿತ್ತಲಲ್ಲಿ ಗಲಾಟೆ ಇರಲಿಲ್ಲ.

ಈಗ ಇದನ್ನೆಲ್ಲ ಇಷ್ಟು ವಿವರವಾಗಿ ಹೇಳುತ್ತಿರುವ ನಾನು ಆಗ ಊರಿಗೆ ಬರೆದ ಕಾಗದಗಳಲ್ಲಿ ಏನು ಬರೆದಿದ್ದೆ? ಅಪ್ಪಯ್ಯ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ದಾರ ಕಟ್ಟಿ ಇಟ್ಟ ನೀಲಿ ಏರೋಗ್ರಾಮುಗಳ ಕಟ್ಟು ಸಿಕ್ಕಿತು. ಅಲ್ಲಿ ದನಗಳಿಗೆ ಕೊಂಬು ಹೇಗಿರುತ್ತದೆ, ನೀರು ಬಾವಿಯದೋ ನಲ್ಲಿಯದೋ, ನೆರೆಯವರು ಒಳ್ಳೆಯವರೋ ಎಂದೆಲ್ಲ ಅವರು ಪ್ರತಿ ಕಾಗದದಲ್ಲೂ ಕೇಳುತ್ತಿದ್ದರು. ನನ್ನ ಉತ್ತರ: ಇಲ್ಲಿ ಎಲ್ಲ ಕ್ಷೇಮ. ಆಮೇಲೆ ಮೂರು ಮಗ್ಗುಲೂ ತುಂಬುವಷ್ಟು ಪ್ರಶ್ನೆಗಳು. ಕೊಳೆ ರೋಗಕ್ಕೆ ಔಷಧಿ ಹೊಡೆಸಿದಿರಾ, ತುಂಗೆ ರಾಮಮಂಟಪ ಮುಳುಗಿಸಿದಳಾ, ಕೆಳಗಿನ ತೋಟದ ಹಲಸು ಬಿಟ್ಟಿತಾ. ಓದಿದವರು ಇವನು ಮೆಲ್ಬರ್ನಿನಲ್ಲಿ ಕೂತು ತೀರ್ಥಹಳ್ಳಿಯ ತಹಶೀಲ್ದಾರಿಕೆ ನಡೆಸುತ್ತಿದ್ದಾನೆ ಎಂದುಕೊಳ್ಳಬೇಕು. ಅಷ್ಟು ಕಾಗದಗಳಲ್ಲಿ ಒಂದು ಕುದುರೆಯಿಲ್ಲ, ಒಂದು ಟೊಮೇಟೊ ಇಲ್ಲ. ಅಲ್ಲಿದ್ದಷ್ಟು ದಿನ ನಾನು ಮಾಡಿದ ಮುಖ್ಯ ಕೆಲಸವೆಂದರೆ ಊರನ್ನು ನೆನೆಯುವುದು. ಹಾಗೆ ನೆನೆಯುತ್ತಾ ಕೂತಿದ್ದ ಬ್ರನ್ಸ್‌ವಿಕ್ಕಿನ ಅಡುಗೆಮನೆಯ ಮೇಜೇ ಈಗ ತೀರ್ಥಹಳ್ಳಿಯ ಜಗಲಿಯಲ್ಲಿ ಕೂತಾಗ ನೆನಪಾಗುತ್ತದೆ.

ಮರಗಳು ಈ ವಿಷಯದಲ್ಲಿ ನಮಗಿಂತ ಜಾಣರು. ಒಂದು ದಿನ ಅಲ್ಲಿನ ಪಾರ್ಕಿನಲ್ಲಿ ಸಿಲ್ವರ್ ಓಕ್ ಮರವೊಂದನ್ನು ಕಂಡು, ಕೊಪ್ಪದ ಕಾಫಿ ತೋಟದ ನೆಂಟ ಸಿಕ್ಕಿದನೆಂದು ಹೋಗಿ ಮೈದಡವಿದೆ. ಅದರ ಮೂಲ ಆಸ್ಟ್ರೇಲಿಯಾದ ಪೂರ್ವ ಕರಾವಳಿ ಎಂದು ಆಮೇಲೆ ತಿಳಿಯಿತು. ನೀಲಗಿರಿಯೂ ಅಲ್ಲಿಯದೇ. ನಮ್ಮ ಗುಡ್ಡಗಳನ್ನೆಲ್ಲ ನುಂಗಿ ಕೂತಿರುವ ಅಕೇಶಿಯಾ ಕೂಡ ಆ ದೇಶದ ಉತ್ತರ ಭಾಗದ್ದು. ನಮ್ಮಿಂದ ಅಲ್ಲಿಗೆ ನಾನೊಬ್ಬ ಹೋದದ್ದಕ್ಕೆ ಅಷ್ಟು ಅರ್ಜಿ, ಅಷ್ಟು ಮೊಹರು. ಅಲ್ಲಿಂದ ನಮ್ಮ ಜಿಲ್ಲೆಗೆ ಬಂದ ಲಕ್ಷಾಂತರ ಮರಗಳನ್ನು ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಅವಕ್ಕೆ ತವರಿನ ನೆನಪಾಗುವ ಲಕ್ಷಣವೂ ಕಾಣುವುದಿಲ್ಲ.

ಇಟ್ಟಿಗೆಯಜ್ಜ 1987ರಲ್ಲಿ ತೀರಿಕೊಂಡ. ಹಾಲಿನ ಕುದುರೆ ಆ ಹೊತ್ತಿಗೆ ನಿಂತುಹೋಗಿತ್ತು. ಮುಂದಿನ ಫೆಬ್ರವರಿಯಲ್ಲಿ ಅಜ್ಜಿಗೆ ಬಾಟಲಿ ಸಾಲದೆ ಬಂತು. ಮಗ ಹೊಸ ಗಾಜಿನ ಜಾಡಿಗಳನ್ನು ಕೊಂಡು ತಂದ. ಅಜ್ಜಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಬೇಲಿಯಾಚೆಯ ನನ್ನ ಹೆಂಡತಿಗೆ ಏನೋ ಹೇಳಿದಳು. ಅಂದು ಸಂಜೆ ನಾನು ಕೇಳಿದರೂ ಇವಳು ವರದಿ ಕೊಡಲಿಲ್ಲ. ಕಾಲಿಂಗ್‌ವುಡ್ ಕಡೆಗೂ ಗೆದ್ದದ್ದು 1990ರ ಅಕ್ಟೋಬರ್ 6ರಂದು, 48 ಅಂಕಗಳಿಂದ. ಮರುದಿನ ನಮ್ಮ ಮನೆಯಲ್ಲಿ ಹೆಸರುಬೇಳೆ ಪಾಯಸ. ಯಾಕೆ ಎಂದು ನಾನು ಕೇಳಲಿಲ್ಲ, ಮೆಣಸಿನ ಪುಡಿಯ ಡಬ್ಬಿಯನ್ನು ಮಾತ್ರ ಮೇಜಿನ ಮೇಲೆ ತಂದಿಟ್ಟೆ. ಅದೇ ತಿಂಗಳು ಸಂಜೆಯ ‘ಹೆರಾಲ್ಡ್’ ಪತ್ರಿಕೆಯೂ ಬೆಳಗಿನ ಪತ್ರಿಕೆಯೊಂದರಲ್ಲಿ ಲೀನವಾಯಿತು. ಟ್ರಾಮಿಗೆ ಜಿಗಿದು ಪೇಪರ್ ಮಾರುತ್ತಿದ್ದ ಹುಡುಗರ ಕೂಗೂ ಆಮೇಲೆ ಕೇಳಿಸಲಿಲ್ಲ. ಶನಿವಾರ ಮಧ್ಯಾಹ್ನ ಅಂಗಡಿ ತೆರೆಯತೊಡಗಿ ಆಗಲೇ ಎರಡು ಮೂರು ವರ್ಷವಾಗಿತ್ತು. ಭಾನುವಾರವೂ ತೆರೆಯುವ ಕಾಲ ಬಂದಾಗ, ಹಿಂದೆ ಸೂತಕದ ಮಾತಾಡಿದವಳೇ, “ಇವರಿಗೆ ಒಂದು ದಿನವೂ ಪುರುಸೊತ್ತು ಬೇಡವಾ?” ಎಂದು ಗೊಣಗಿದಳು.

ಬ್ರನ್ಸ್‌ವಿಕ್ಕಿನಲ್ಲಿ ಹುಟ್ಟಿದ ನಮ್ಮ ಮಗಳು ಈಗಲೂ ಆ ಊರಿನಲ್ಲೇ ಇದ್ದಾಳೆ. ಭಾನುವಾರ ಫೋನು ಮಾಡುತ್ತಾಳೆ. “ಅಪ್ಪಾ, ಮಳೆ ಹಿಡಿಯಿತಾ? ಹಲಸಿನಕಾಯಿ ಹಪ್ಪಳ ಆಯಿತಾ?” ಎಂದು ಅವಳು. “19ನೇ ನಂಬರ್ ಓಡ್ತಾ ಇದೆಯಾ? ಅಜ್ಜಿಯ ಅಂಜೂರದ ಮರ ಇದೆಯಾ?” ಎಂದು ನಾನು. “ಅಲ್ಲೀಗ ಫ್ಲ್ಯಾಟ್ ಕಟ್ಟಿದ್ದಾರೆ, ಎಷ್ಟು ಸಲ ಹೇಳಬೇಕು” ಎನ್ನುತ್ತಾಳೆ. ನಾನೂ ಮಳೆಯ ಬಗ್ಗೆ ಅವಳಿಗೆ ಸರಿಯಾದ ಉತ್ತರ ಕೊಟ್ಟಿರುವುದಿಲ್ಲ. ಮೊನ್ನೆ ಅವಳು ಒಂದು ಸುದ್ದಿ ಹೇಳಿದಳು. ಮನೆಯ ಹಿಂದೆ ಟೊಮೇಟೊ ಹಾಕಿದ್ದಾಳಂತೆ, ಫೆಬ್ರವರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸಾಸ್ ಮಾಡಬೇಕಂತೆ, ಅಜ್ಜಿ ಹೇಗೆ ಮಾಡುತ್ತಿದ್ದಳೆಂದು ಅಮ್ಮನಿಗೆ ನೆನಪಿದೆಯಾ ಅಂತ. ನನ್ನ ಹೆಂಡತಿ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು, ಕನ್ನಡಕ ಸರಿ ಮಾಡಿಕೊಂಡು ಹೇಳಿದಳು: “ಅದೆಲ್ಲ ಆಮೇಲೆ, ಪುಟ್ಟಿ. ಮೊದಲು ನಿಮ್ಮ ಬೀದಿಯಲ್ಲಿ ಚೆನ್ನಾಗಿ ಕುಡಿಯುವವರು ಯಾರಿದ್ದಾರೆ ನೋಡಿಕೊಂಡು ಬಾ.”